ಶಿಕ್ಷಕರ ಸಂದರ್ಶನದಲ್ಲಿ ‘ನಿಮ್ಮ ಸ್ಟ್ರೆಂತ್ ಏನು?’ ಎಂದರೆ ಏನು ಹೇಳಬೇಕು

ಪಾಠ ಮಾಡಲು ಚೆನ್ನಾಗಿ ಬರುತ್ತದೆ. ವಿಷಯದ ಮೇಲೆ ಹಿಡಿತವಿದೆ. ಮಕ್ಕಳೂ ಮಾತು ಕೇಳುತ್ತಾರೆ. ಆದರೂ ಮೇಜಿನ ಆಚೆ ಕೂತವರು ‘ನಿಮ್ಮ ಸ್ಟ್ರೆಂತ್ ಏನು, ಹೇಳಿ’ ಎಂದ ಕೂಡಲೇ ಎಷ್ಟೋ ಜನರ ಬಾಯಿಂದ ಬರುವುದು ಒಂದೇ ಪಟ್ಟಿ: ‘ಕಷ್ಟಪಟ್ಟು ಕೆಲಸ ಮಾಡ್ತೀನಿ, ತಾಳ್ಮೆ ಜಾಸ್ತಿ, ಮಕ್ಕಳು ಅಂದ್ರೆ ತುಂಬಾ ಇಷ್ಟ, ಎಲ್ಲರ ಜೊತೆ ಹೊಂದಿಕೊಂಡು ಹೋಗ್ತೀನಿ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮುಂಚೆ ಒಳಗೆ ಹೋದವರು ಇದನ್ನೇ ಹೇಳಿ ಬಂದಿದ್ದಾರೆ. ಹೊರಗೆ ಕಾಯುತ್ತಿರುವವರೂ ಇದನ್ನೇ ಹೇಳಲಿದ್ದಾರೆ. ಸಂಜೆ ಕೂತು ಆಯ್ಕೆ ಮಾಡುವವರಿಗೆ ಯಾರು ಏನು ಹೇಳಿದರು ಎಂಬುದೇ ನೆನಪಿಗೆ ಬರುವುದಿಲ್ಲ. ಈ ಪ್ರಶ್ನೆಯನ್ನು ಯಾಕೆ ಕೇಳುತ್ತಾರೆ, ಉತ್ತರದಲ್ಲಿ ಏನನ್ನು ಹುಡುಕುತ್ತಾರೆ ಎಂದು ಮೊದಲು ನೋಡೋಣ.

ಇಲ್ಲಿ ಸ್ಟ್ರೆಂತ್ ಎಂದರೆ ಯಾವುದು?

ಉತ್ತರ ಯೋಚಿಸುವಾಗ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಒಂದು ಸ್ವಭಾವ: ತಾಳ್ಮೆ, ಸಮಯಕ್ಕೆ ಸರಿಯಾಗಿ ಬರುವುದು, ನಗುಮುಖ. ಇನ್ನೊಂದು ಅರ್ಹತೆ: ಪದವಿ, ತರಬೇತಿ, ಪಡೆದ ಅಂಕ. ಮೂರನೆಯದು ಕೆಲಸದ ಕೌಶಲ. ಅಂದರೆ ತರಗತಿಯಲ್ಲಿ ನೀವು ಮತ್ತೆ ಮತ್ತೆ ಚೆನ್ನಾಗಿ ಮಾಡುವ, ಮಕ್ಕಳ ಕಲಿಕೆಗೆ ನೇರವಾಗಿ ನೆರವಾಗುವ ಕೆಲಸ.

ಅರ್ಹತೆ ಅರ್ಜಿಯಲ್ಲೇ ಇದೆ, ಅದನ್ನು ಓದಿಯೇ ನಿಮ್ಮನ್ನು ಕರೆದಿದ್ದಾರೆ. ಸ್ವಭಾವವನ್ನು ಅರ್ಧ ಗಂಟೆಯ ಮಾತಿನಲ್ಲಿ ಅಳೆಯಲಾಗದು. ‘ನನಗೆ ತಾಳ್ಮೆ ಇಲ್ಲ’ ಎಂದು ಯಾರೂ ಹೇಳುವುದಿಲ್ಲವಲ್ಲ! ಹಾಗಾಗಿ ಕೇಳುವವರಿಗೆ ಬೇಕಿರುವುದು ಮೂರನೆಯದು.

ಸ್ವಭಾವದ ಮಾತೇ ಬೇಡ ಎಂದಲ್ಲ. ಅದು ಕೆಲಸದ ಮೂಲಕ ಕಾಣಬೇಕು, ಅಷ್ಟೇ. ‘ಹುಡುಗನೊಬ್ಬನಿಗೆ ಭಾಗಾಕಾರ ಹತ್ತಲೇ ಇಲ್ಲ. ಬೋರ್ಡ್ ಮೇಲೆ ಬೇರೆ ಬೇರೆ ರೀತಿ ಮಾಡಿ ತೋರಿಸಿದೆ, ಆಗಲಿಲ್ಲ. ಕೊನೆಗೆ ಕಡ್ಡಿಗಳನ್ನು ಕೊಟ್ಟು ಗುಂಪು ಮಾಡಿಸಿದಾಗ ಹಿಡಿದುಕೊಂಡ’ ಎಂದು ಹೇಳಿದವರಿಗೆ ತಾಳ್ಮೆ ಇದೆ ಎಂದು ಬೇರೆಯಾಗಿ ಹೇಳಬೇಕಿಲ್ಲ.

ಪ್ಯಾನಲ್‌ನವರು ಏನು ಬರೆದುಕೊಳ್ಳುತ್ತಾರೆ?

ಸಂದರ್ಶನ ಮಾಡುವವರ ಗುಂಪನ್ನು ಪ್ಯಾನಲ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಮುಖ್ಯ ಶಿಕ್ಷಕರು, ನಿಮ್ಮ ವಿಷಯ ಬಲ್ಲ ಹಿರಿಯ ಶಿಕ್ಷಕರು, ಆಡಳಿತದ ಕಡೆಯವರು ಇರುತ್ತಾರೆ. ಒಳ್ಳೆಯ ಪ್ಯಾನಲ್ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳನ್ನು, ಒಂದೇ ಕ್ರಮದಲ್ಲಿ ಕೇಳುತ್ತದೆ. ಪ್ರತಿ ಉತ್ತರಕ್ಕೂ ಅಂಕ ಹಾಕುತ್ತದೆ. ಇದಕ್ಕೆ ರಚನಾಬದ್ಧ ಸಂದರ್ಶನ ಎಂದು ಹೆಸರು.

ಹೀಗೆ ಮಾಡಲು ಕಾರಣವಿದೆ. 1920ರಲ್ಲೇ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಒಂದು ಸಂಗತಿ ತೋರಿಸಿದ್ದರು. ಒಬ್ಬರ ಒಂದು ಗುಣ ನಮಗೆ ಹಿಡಿಸಿದರೆ ಉಳಿದ ಗುಣಗಳಿಗೂ ನಾವು ಗೊತ್ತಿಲ್ಲದೆಯೇ ಹೆಚ್ಚು ಅಂಕ ಕೊಟ್ಟುಬಿಡುತ್ತೇವೆ. ನೀಟಾಗಿ ಬಟ್ಟೆ ಹಾಕಿಕೊಂಡು ಚೆನ್ನಾಗಿ ಮಾತನಾಡಿದವರು ಪಾಠವನ್ನೂ ಚೆನ್ನಾಗಿ ಮಾಡುತ್ತಾರೆ ಅನ್ನಿಸಿಬಿಡುತ್ತದೆ. ಇದಕ್ಕೆ ಹೇಲೋ ಎಫೆಕ್ಟ್ ಎನ್ನುತ್ತಾರೆ. ಇಂಥ ಮೋಸ ಆಗದಿರಲಿ ಎಂದೇ ಅಂಕಪಟ್ಟಿ ಬಂತು. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅವರು ಅಲ್ಲಿಯವರೆಗಿನ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಯಾರು ಮುಂದೆ ಚೆನ್ನಾಗಿ ಕೆಲಸ ಮಾಡುತ್ತಾರೆಂದು ಊಹಿಸುವುದರಲ್ಲಿ ರಚನಾಬದ್ಧ ಸಂದರ್ಶನವು ಸುಮ್ನೆ ಹರಟೆಯಂತೆ ಸಾಗುವ ಸಂದರ್ಶನಕ್ಕಿಂತ ಮೇಲು ಎಂದು ಕಂಡುಬಂತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ತಿದ್ದಿ ಮತ್ತೆ ಮಾಡಿದರು. ಅಂಕಿಗಳು ಕೆಳಗಿಳಿದವು. ಆದರೂ ಆಯ್ಕೆಯ ವಿಧಾನಗಳ ಪಟ್ಟಿಯಲ್ಲಿ ರಚನಾಬದ್ಧ ಸಂದರ್ಶನ ಮೊದಲ ಸ್ಥಾನಕ್ಕೆ ಬಂತು.

ಇದರಿಂದ ಅಭ್ಯರ್ಥಿಗೆ ಏನು ಲಾಭ? ಪ್ಯಾನಲ್‌ನವರ ಕೈಯಲ್ಲಿ ಪೆನ್ನಿದೆ, ಎದುರಿಗೆ ಹಾಳೆ ಇದೆ ಎಂದು ತಿಳಿದುಕೊಳ್ಳಿ. ‘ತುಂಬಾ ಶ್ರದ್ಧೆಯಿಂದ ಪಾಠ ಮಾಡ್ತೀನಿ’ ಎಂದರೆ ಆ ಹಾಳೆಯಲ್ಲಿ ಬರೆಯಲು ಏನೂ ಸಿಗುವುದಿಲ್ಲ. ಹಂತಗಳನ್ನು ಬಿಟ್ಟು ಬರೀ ಉತ್ತರ ಬರೆದ ವಿದ್ಯಾರ್ಥಿಗೆ ಗಣಿತದ ಮೇಷ್ಟ್ರು ಪೂರ್ತಿ ಅಂಕ ಕೊಡುವುದಿಲ್ಲ ಅಲ್ವಾ? ಉತ್ತರ ಸರಿ ಇರಬಹುದು, ಹೇಗೆ ಬಂತೆಂದು ಕಾಣುತ್ತಿಲ್ಲ. ಇಲ್ಲಿಯೂ ಹಾಗೆಯೇ.

ಯಾವುದನ್ನು ಆರಿಸಿಕೊಳ್ಳಬೇಕು?

ಎರಡು ಸಾಕು, ಮೂರು ಗರಿಷ್ಠ. ಆರು ಹೇಳಿದರೆ ಒಂದೂ ಉಳಿಯುವುದಿಲ್ಲ. ಮೊದಲು ಆ ಹುದ್ದೆಯ ಪ್ರಕಟಣೆಯನ್ನು ಇನ್ನೊಮ್ಮೆ ಓದಿ. ಪ್ರಾಥಮಿಕ ತರಗತಿಗೆ ಓದು-ಬರಹ ಕಲಿಸುವವರು ಬೇಕಿದ್ದರೆ ಪ್ರೌಢಶಾಲೆಯ ಪರೀಕ್ಷೆ ತಯಾರಿಯ ಸಾಧನೆ ಹೇಳಿ ಉಪಯೋಗವಿಲ್ಲ.

ಎಲ್ಲ ಕಡೆಯೂ ಬೆಲೆ ಇರುವ ಮೂರು ಸಾಮರ್ಥ್ಯಗಳಿವೆ. ಅವುಗಳಲ್ಲಿ ನನ್ನ ಪ್ರಕಾರ ಮೊದಲನೆಯದೇ ದೊಡ್ಡದು. ವಿಚಿತ್ರವೆಂದರೆ ಅದನ್ನು ಹೇಳುವವರೇ ಕಡಿಮೆ.

ಅದು, ವಿಷಯವನ್ನು ಮಗುವಿನ ಕಡೆಯಿಂದ ನೋಡುವ ಸಾಮರ್ಥ್ಯ. 1986ರಲ್ಲಿ ಲೀ ಶುಲ್ಮನ್ ಎಂಬ ಶಿಕ್ಷಣ ತಜ್ಞರು ಇದನ್ನು ಪ್ರತ್ಯೇಕ ಜ್ಞಾನವೆಂದೇ ಗುರುತಿಸಿದರು. ಗಣಿತ ಗೊತ್ತಿರುವುದು ಒಂದು. ಪಾಠ ಹೇಳುವ ಸಾಮಾನ್ಯ ವಿಧಾನಗಳು ಗೊತ್ತಿರುವುದು ಇನ್ನೊಂದು. ಭಿನ್ನರಾಶಿ ಕಲಿಯುವಾಗ ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ, ಆಗ ಯಾವ ಉದಾಹರಣೆ ಕೊಡಬೇಕು ಎಂದು ಗೊತ್ತಿರುವುದು ಇವೆರಡೂ ಸೇರಿದ ಮೂರನೆಯದು. ಇದು ಎಂಜಿನಿಯರಿಗೆ ಬೇಕಿಲ್ಲ, ಶಿಕ್ಷಕರಿಗೆ ಬೇಕೇ ಬೇಕು.

ಉದಾಹರಣೆಗೆ 1/3 ಕ್ಕೆ 1/4 ಕೂಡಿಸಿ ಎಂದರೆ ಎಷ್ಟೋ ಮಕ್ಕಳು 2/7 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ. ‘ತಪ್ಪು, ಲ.ಸಾ.ಅ. ತೆಗಿ’ ಎಂದರೆ ನಿಯಮ ಬರುತ್ತದೆ, ಅರ್ಥ ಬರುವುದಿಲ್ಲ. ಬದಲಿಗೆ ‘2/7 ದೊಡ್ಡದೋ 1/3 ದೊಡ್ಡದೋ?’ ಎಂದು ಕೇಳಬಹುದು. 2/7 ಚಿಕ್ಕದು. ಕೂಡಿಸಿದ ಮೇಲೆ ಮೊದಲಿದ್ದುದಕ್ಕಿಂತ ಕಡಿಮೆಯಾಯಿತು! ಎಲ್ಲೋ ಎಡವಟ್ಟಾಗಿದೆ ಎಂದು ಮಗುವಿಗೇ ಹೊಳೆಯುತ್ತದೆ. 0.25 ಮತ್ತು 0.3 ರಲ್ಲಿ 0.25 ದೊಡ್ಡದು ಎನ್ನುವುದೂ ಇಂಥದ್ದೇ. 25 ಎಂಬುದು 3 ಕ್ಕಿಂತ ದೊಡ್ಡದಲ್ಲವೇ ಎಂಬುದು ಅವರ ತರ್ಕ. ವಿಜ್ಞಾನದಲ್ಲಿ, ಗಿಡದ ತೂಕವೆಲ್ಲ ಮಣ್ಣಿನಿಂದ ಬರುತ್ತದೆ ಎಂದು ದೊಡ್ಡವರೂ ನಂಬಿರುತ್ತಾರೆ. ಗಿಡದೊಳಗೆ ತುಂಬಿಕೊಂಡ ನೀರನ್ನು ಬಿಟ್ಟರೆ ಉಳಿದ ಒಣ ತೂಕದಲ್ಲಿ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಕಟ್ಟಿಕೊಂಡಿದ್ದು.

ನಿಮ್ಮ ವಿಷಯದಲ್ಲಿ ಇಂಥ ಒಂದು ತಪ್ಪು ತಿಳಿವಳಿಕೆಯನ್ನು ಹಿಡಿದು, ಅದನ್ನು ಹೇಗೆ ಬಿಡಿಸುತ್ತೀರೆಂದು ಹೇಳಿದರೆ ಸಾಕು. ಪ್ಯಾನಲ್‌ನಲ್ಲಿರುವ ಹಿರಿಯ ಶಿಕ್ಷಕರು ತಲೆ ಎತ್ತಿ ನೋಡುತ್ತಾರೆ.

ಎರಡನೆಯದು ತರಗತಿ ನಿರ್ವಹಣೆ. ‘ಕ್ಲಾಸ್ ಕಂಟ್ರೋಲ್ ಚೆನ್ನಾಗಿದೆ’ ಎಂಬ ಮಾತು ಸಂದರ್ಶನಗಳಲ್ಲಿ ಬಹಳ ಕೇಳಿಬರುತ್ತದೆ. ಆದರೆ ಕಂಟ್ರೋಲ್ ಎಂದರೇನು? ಜೇಕಬ್ ಕೌನಿನ್ ಎಂಬ ಸಂಶೋಧಕರು ತರಗತಿಗಳ ವಿಡಿಯೊ ಮಾಡಿಕೊಂಡು ಇದನ್ನೇ ಹುಡುಕಿದರು. ಅವರ ಪುಸ್ತಕ ಬಂದಿದ್ದು 1970ರಲ್ಲಿ. ಗಲಾಟೆ ಆದ ಮೇಲೆ ಶಿಕ್ಷಕರು ಹೇಗೆ ಗದರುತ್ತಾರೆ ಎಂಬುದರಲ್ಲಿ ಒಳ್ಳೆಯ ತರಗತಿಗೂ ಕೆಟ್ಟ ತರಗತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆಗೆ ಮುಂಚೆ. ಇಡೀ ತರಗತಿಯ ಮೇಲೆ ಕಣ್ಣಿಡುವುದು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಎಳೆದಾಡದೆ ದಾಟಿಸುವುದು, ಎಲ್ಲರ ಕೈಗೂ ಕೆಲಸ ಇರುವಂತೆ ನೋಡಿಕೊಳ್ಳುವುದು.

ಹಾಗಾಗಿ ‘ನನ್ನ ಕ್ಲಾಸಲ್ಲಿ ಪಿನ್ ಬಿದ್ದರೂ ಕೇಳಿಸುತ್ತೆ’ ಎಂದು ಹೆಮ್ಮೆಯಿಂದ ಹೇಳಿದರೆ ಅದು ಕೆಲವರಿಗೆ ಭಯದ ತರಗತಿಯಂತೆಯೂ ಕೇಳಿಸಬಹುದು. ‘ಮಕ್ಕಳು ಒಳಗೆ ಬರುವ ಮುಂಚೆಯೇ ಬೋರ್ಡ್ ಮೇಲೆ ಒಂದು ಪುಟ್ಟ ಪ್ರಶ್ನೆ ಬರೆದಿರುತ್ತೇನೆ. ಕೂತ ಕೂಡಲೇ ಅದನ್ನು ಮಾಡಬೇಕು. ಹಾಜರಿ ತೆಗೆದುಕೊಳ್ಳುವ ಹೊತ್ತಿನ ಗದ್ದಲ ಇದರಿಂದ ನಿಂತಿತು’ ಎಂಬುದು ಇದಕ್ಕಿಂತ ಎಷ್ಟೋ ಮೇಲು.

ಮೂರನೆಯದು, ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ಎಂದು ಪಾಠ ನಡೆಯುತ್ತಿರುವಾಗಲೇ ತಿಳಿದುಕೊಳ್ಳುವುದು. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ‘ಆಯ್ತು’ ಎನ್ನುತ್ತಾರೆ, ಅದು ಲೆಕ್ಕಕ್ಕಿಲ್ಲ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಬರೆದ ಸಂಗತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುವವರ ಸಂಖ್ಯೆ ಇಳಿಯಿತು. ನೀವು ಹೀಗೆ ಕಾಯುತ್ತಿದ್ದರೆ, ಪಾಠದ ಕೊನೆಯಲ್ಲಿ ಚೀಟಿಯ ಮೇಲೆ ಒಂದು ಉತ್ತರ ಬರೆಸಿಕೊಂಡು ಮರುದಿನದ ಪಾಠವನ್ನು ಅದರಂತೆ ಬದಲಿಸುತ್ತಿದ್ದರೆ, ಅದು ಹೇಳಬಹುದಾದ ಸ್ಟ್ರೆಂತ್.

ಪೋಷಕರ ಜೊತೆ ಮಾತುಕತೆ, ಕಂಪ್ಯೂಟರ್ ಬಳಕೆ, ಆಟ-ನಾಟಕ-ಸಂಗೀತ, ಸಹೋದ್ಯೋಗಿಗಳ ಜೊತೆ ಕೆಲಸ, ಇವೆಲ್ಲ ಬೇಕಾದವೇ. ಆದರೆ ಇವು ಎರಡನೆಯ ಸ್ಟ್ರೆಂತ್ ಆಗಿ ಬಂದರೆ ಚೆಂದ. ಮೊದಲನೆಯದು ಪಾಠಕ್ಕೆ ಸಂಬಂಧಿಸಿದ್ದೇ ಇರಲಿ.

ಉತ್ತರವನ್ನು ಕಟ್ಟುವುದು ಹೇಗೆ?

ಎಲ್ಲ ಬಗೆಯ ಸಂದರ್ಶನಗಳಲ್ಲೂ ಚಾಲ್ತಿಯಲ್ಲಿರುವ ಒಂದು ವಿಧಾನಕ್ಕೆ ಸ್ಟಾರ್ ಎನ್ನುತ್ತಾರೆ. ನಾಲ್ಕು ಭಾಗ: ಸಂದರ್ಭ ಏನಿತ್ತು, ನಿಮ್ಮ ಮೇಲಿದ್ದ ಜವಾಬ್ದಾರಿ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಶಿಕ್ಷಕರು ಇದಕ್ಕೆ ಐದನೆಯದೊಂದನ್ನು ಸೇರಿಸಿಕೊಳ್ಳುವುದು ಒಳ್ಳೆಯದು: ಅದು ಫಲ ಕೊಟ್ಟಿತೆಂದು ನಿಮಗೆ ಹೇಗೆ ಗೊತ್ತಾಯಿತು?

ಒಂದು ಕಲ್ಪಿತ ಉತ್ತರ ನೋಡಿ.

‘ಮಕ್ಕಳು ಎಲ್ಲಿ ತಪ್ಪು ಮಾಡುತ್ತಾರೆಂದು ಮೊದಲೇ ಯೋಚಿಸಿ ಪಾಠ ಸಿದ್ಧಮಾಡುವುದು ನನ್ನ ಸ್ಟ್ರೆಂತ್ ಅಂದುಕೊಂಡಿದ್ದೇನೆ. ಕಳೆದ ವರ್ಷ ಆರನೇ ತರಗತಿಗೆ ದಶಮಾಂಶ ಹೇಳಿಕೊಡುತ್ತಿದ್ದೆ. ಮೊದಲ ಕಿರುಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 0.25 ನ್ನು 0.3 ಕ್ಕಿಂತ ದೊಡ್ಡದು ಎಂದು ಬರೆದಿದ್ದರು. ನಿಯಮವನ್ನು ಮತ್ತೆ ಹೇಳುವ ಬದಲು ನೂರು ಚೌಕಗಳ ಹಾಳೆ ಕೊಟ್ಟು ಎರಡಕ್ಕೂ ಬಣ್ಣ ಹಚ್ಚಿಸಿದೆ. 25 ಚೌಕ ಒಂದು ಕಡೆ, 30 ಚೌಕ ಇನ್ನೊಂದು ಕಡೆ. ಅವರೇ ನೋಡಿ ತಿದ್ದಿಕೊಂಡರು. ಎರಡು ವಾರ ಬಿಟ್ಟು ಬೇರೆ ಅಂಕಿಗಳನ್ನು ಕೊಟ್ಟು ಅದೇ ಪ್ರಶ್ನೆ ಕೇಳಿದೆ. ನಾಲ್ಕು ಮಕ್ಕಳು ಮಾತ್ರ ತಪ್ಪು ಮಾಡಿದರು. ಅವರ ಜೊತೆ ಬೇರೆಯಾಗಿ ಕೂತೆ.’

ಇಲ್ಲಿ ಹೊಗಳಿಕೆಯ ಮಾತು ಒಂದೂ ಇಲ್ಲ. ಆದರೆ ವಿಷಯ ಜ್ಞಾನ, ತಾಳ್ಮೆ, ಮಕ್ಕಳ ಮೇಲಿನ ಕಾಳಜಿ ಎಲ್ಲವೂ ಬಂದಿವೆ. ಕೊನೆಯ ಎರಡು ವಾಕ್ಯಗಳನ್ನು ಗಮನಿಸಿ. ‘ಎಲ್ಲರಿಗೂ ನೂರಕ್ಕೆ ನೂರು ಬಂತು’ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಇಷ್ಟು ಹೇಳಲು ಒಂದೂವರೆ ನಿಮಿಷ ಸಾಕು. ಎರಡು ನಿಮಿಷ ದಾಟಿದರೆ ಕೇಳುವವರು ಗಡಿಯಾರ ನೋಡುತ್ತಾರೆ. ಬಾಯಿಪಾಠ ಮಾಡಿಕೊಂಡು ಹೋಗಬೇಡಿ, ಒಪ್ಪಿಸುವ ದನಿ ಶಿಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ. ದಿನವೂ ಕೇಳುತ್ತಾರಲ್ಲ! ಘಟನೆಯ ಮುಖ್ಯ ಅಂಶಗಳನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಉದಾಹರಣೆಯಲ್ಲಿ ಮಗುವಿನ ಹೆಸರು, ಮನೆಯ ಕಷ್ಟ, ಕಾಯಿಲೆ ಇವನ್ನು ಹೇಳಬೇಡಿ. ‘ಒಬ್ಬ ವಿದ್ಯಾರ್ಥಿನಿ’ ಎಂದರೆ ಸಾಕು. ಮಕ್ಕಳ ಖಾಸಗಿ ವಿಚಾರವನ್ನು ಅಪರಿಚಿತರ ಮುಂದೆ ಬಿಚ್ಚಿಡುವವರು ನಾಳೆ ನಮ್ಮ ಶಾಲೆಯ ಮಕ್ಕಳ ಬಗ್ಗೆಯೂ ಹೀಗೇ ಮಾಡುತ್ತಾರೆ ಎಂದು ಪ್ಯಾನಲ್‌ನವರಿಗೆ ಅನ್ನಿಸುವುದು ಸಹಜ. ಹಳೆಯ ಶಾಲೆಯನ್ನು ದೂರಿ ತಮ್ಮ ಸ್ಟ್ರೆಂತ್ ತೋರಿಸುವವರ ಬಗ್ಗೆಯೂ ಹಾಗೆಯೇ ಅನ್ನಿಸುತ್ತದೆ.

ಅನುಭವವೇ ಇಲ್ಲದಿದ್ದರೆ?

ತರಬೇತಿ ಮುಗಿಸಿ ನೇರವಾಗಿ ಬಂದವರಿಗೆ ಇದು ದೊಡ್ಡ ಚಿಂತೆ. ತರಬೇತಿಯ ಭಾಗವಾಗಿ ಶಾಲೆಗೆ ಹೋಗಿ ಪಾಠ ಮಾಡಿರುತ್ತೀರಿ. ಅಲ್ಲಿನ ಒಂದೇ ಒಂದು ಪಾಠ ಸಾಕು. ನೆರೆಹೊರೆಯ ಮಕ್ಕಳಿಗೆ ಮನೆಪಾಠ ಹೇಳಿದ್ದು, ಕಾಲೇಜಿನಲ್ಲಿ ಗೆಳೆಯರಿಗೆ ಪರೀಕ್ಷೆಗೆ ಮುಂಚೆ ಹೇಳಿಕೊಟ್ಟದ್ದು, ಬೇಸಿಗೆ ಶಿಬಿರ ನಡೆಸಿದ್ದು, ಇವೂ ನಡೆಯುತ್ತವೆ. ಒಂದು ಮಗುವಿಗೆ ಕಲಿಸಿದ ಅನುಭವವನ್ನು ಬಿಡಿಸಿ ಹೇಳಿದರೆ ಐದು ವರ್ಷದ ಅನುಭವವನ್ನು ಒಂದೇ ಸಾಲಿನಲ್ಲಿ ಹೇಳಿದವರಿಗಿಂತ ಅಂಕ ಜಾಸ್ತಿ ಬರಬಹುದು.

ಪಾಠ ಕೈಕೊಟ್ಟ ದಿನವನ್ನೂ ಬಳಸಿಕೊಳ್ಳಬಹುದು. ನಿಮ್ಮ ಪಾಠವನ್ನು ಗಮನಿಸಿದ ಮಾರ್ಗದರ್ಶಕರು ಏನು ತಿದ್ದಿದರು, ಮುಂದಿನ ಪಾಠದಲ್ಲಿ ನೀವು ಏನನ್ನು ಬದಲಿಸಿದಿರಿ ಎಂದು ಹೇಳಿ. ಹೊಸಬರಲ್ಲಿ ಪ್ಯಾನಲ್ ಹುಡುಕುವುದು ಹೆಚ್ಚಾಗಿ ಇದನ್ನೇ. ಬೇಗ ತಿದ್ದಿಕೊಳ್ಳುವವರು ಸಿಕ್ಕರೆ ಉಳಿದದ್ದನ್ನು ಶಾಲೆಯೇ ಕಲಿಸಿಕೊಳ್ಳುತ್ತದೆ.

ಹೇಳಿಕೊಳ್ಳಲು ಮುಜುಗರವಾದರೆ?

ನಮ್ಮನ್ನು ನಾವೇ ಹೊಗಳಿಕೊಳ್ಳಬಾರದು ಎಂದು ಕಲಿತು ಬೆಳೆದವರಿಗೆ ಈ ಪ್ರಶ್ನೆಯೇ ಕಿರಿಕಿರಿ. ಆಗ ಹಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ: ‘ನಾನು ಕೆಲಸದಲ್ಲಿ ಎಷ್ಟು ಮುಳುಗಿಬಿಡ್ತೀನಿ ಅಂದ್ರೆ ಮನೆಯವರೇ ಬೈತಾರೆ.’ ದೂರಿನ ವೇಷ ಹಾಕಿದ ಹೊಗಳಿಕೆ. ಒವುಲ್ ಸೆಜರ್, ಫ್ರಾನ್ಸೆಸ್ಕಾ ಜೀನೊ ಮತ್ತು ಮೈಕಲ್ ನಾರ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾತನಾಡುವವರು ನೇರವಾಗಿ ಹೊಗಳಿಕೊಳ್ಳುವವರಿಗಿಂತಲೂ ಕಡಿಮೆ ಇಷ್ಟವಾಗುತ್ತಾರೆ ಎಂದು ಕಂಡುಬಂತು. ಮಾತಿನಲ್ಲಿ ಪ್ರಾಮಾಣಿಕತೆ ಕಾಣದಿರುವುದೇ ಅದಕ್ಕೆ ಕಾರಣ.

ಇನ್ನು ಕೆಲವರು ‘ನನ್ನ ಕೆಲಸವೇ ಮಾತಾಡುತ್ತೆ’ ಎಂದು ಸುಮ್ಮನಾಗುತ್ತಾರೆ. ಸಂದರ್ಶನದ ಕೋಣೆಯಲ್ಲಿ ಕೆಲಸ ಮಾತನಾಡುವುದಿಲ್ಲ. ನಮಗೆ ಚೆನ್ನಾಗಿ ಗೊತ್ತಿರುವುದು ಎದುರಿನವರಿಗೂ ಕಾಣುತ್ತಿದೆ ಎಂದುಕೊಳ್ಳುವುದು ಮನುಷ್ಯರ ಅಭ್ಯಾಸ. 1990ರಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಒಬ್ಬರು ಪರಿಚಿತ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟಾದರೂ ಗೊತ್ತಾಗುತ್ತವೆ ಎಂದು ಬಡಿದವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಕೇಳುವವರು ಗುರುತಿಸಿದ್ದು 3 ಮಾತ್ರ. ಬಡಿಯುವವರ ತಲೆಯಲ್ಲಿ ಪೂರ್ತಿ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್. ‘ಮಕ್ಕಳ ಜೊತೆ ಚೆನ್ನಾಗಿರ್ತೀನಿ’ ಎಂಬ ಸಾಲು ಪ್ಯಾನಲ್‌ಗೆ ಕೇಳಿಸುವುದೂ ಹೀಗೆಯೇ.

ಮುಜುಗರ ಕಳೆಯಲು ಸುಲಭದ ದಾರಿ, ಮಾತಿನ ಕೇಂದ್ರವನ್ನು ನಿಮ್ಮಿಂದ ಮಕ್ಕಳ ಕಡೆಗೆ ಸರಿಸುವುದು. ‘ನಾನು ಒಳ್ಳೆಯ ಶಿಕ್ಷಕಿ’ ಎನ್ನಲು ನಾಲಿಗೆ ತಡವರಿಸುತ್ತದೆ. ‘ಮೊದಲು ಓದಲು ಹೆದರುತ್ತಿದ್ದವರು ಆಮೇಲೆ ತಾವಾಗಿಯೇ ಎದ್ದು ನಿಂತು ಓದಿದರು’ ಎನ್ನಲು ಯಾವ ಸಂಕೋಚವೂ ಇಲ್ಲ, ಅದು ನಡೆದ ಸಂಗತಿ. ಆದರೆ ಅದಕ್ಕಾಗಿ ನೀವು ಏನು ಮಾಡಿದಿರೆಂದು ಹೇಳುವಾಗ ‘ನಾವು’ ಎಂಬುದರ ಹಿಂದೆ ಅಡಗಿಕೊಳ್ಳಬೇಡಿ. ನೀವೊಬ್ಬರೇ ಮಾಡಿದ್ದಕ್ಕೆ ‘ನಾನು’, ಎಲ್ಲರೂ ಸೇರಿ ಮಾಡಿದ್ದಕ್ಕೆ ‘ನಾವು’.

ಹೇಳಿದ್ದು ಡೆಮೊ ಪಾಠದಲ್ಲಿ ಕಾಣಬೇಕು

ಉತ್ತರ ಮುಗಿದ ಮೇಲೆ ಪ್ಯಾನಲ್ ಕೆದಕುತ್ತದೆ. ‘ಆ ನಾಲ್ಕು ಮಕ್ಕಳು ಏನಾದರು?’ ‘ಅದೇ ಪಾಠ ಮತ್ತೆ ಮಾಡಿದರೆ ಏನು ಬದಲಿಸುತ್ತೀರಿ?’ ನಿಜವಾಗಿ ನಡೆದ ಘಟನೆಯಾದರೆ ಇವು ಸುಲಭ. ಎಲ್ಲಿಂದಲೋ ಎತ್ತಿಕೊಂಡ ಉದಾಹರಣೆ ಇಲ್ಲಿಯೇ ಕುಸಿಯುತ್ತದೆ.

ಅನೇಕ ಶಾಲೆಗಳಲ್ಲಿ ಡೆಮೊ ಪಾಠವೂ ಇರುತ್ತದೆ. ಮಕ್ಕಳ ಮುಂದೆ ಅಥವಾ ಪ್ಯಾನಲ್ ಮುಂದೆ ಸ್ವಲ್ಪ ಹೊತ್ತು ಪಾಠ ಮಾಡಿ ತೋರಿಸಬೇಕು. ಪ್ರಶ್ನೆ ಕೇಳಿ ಮಕ್ಕಳನ್ನು ಯೋಚನೆಗೆ ಹಚ್ಚುವುದು ನನ್ನ ಸ್ಟ್ರೆಂತ್ ಎಂದು ಹೇಳಿ, ಡೆಮೊದಲ್ಲಿ ಬೋರ್ಡ್ ಕಡೆ ಮುಖ ಮಾಡಿ ಒಂದೇ ಸಮನೆ ಬರೆಯುತ್ತಾ ಹೋದರೆ ಹೇಳಿದ ಮಾತು ಅಲ್ಲೇ ಬಿದ್ದುಹೋಗುತ್ತದೆ. ಹಾಗಾಗಿ ಡೆಮೊ ಯೋಜನೆ ಮಾಡುವಾಗಲೇ, ನೀವು ಹೇಳಲಿರುವ ಸ್ಟ್ರೆಂತ್ ಪಾಠದ ಯಾವ ನಿಮಿಷದಲ್ಲಿ ಕಾಣಿಸುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಈ ಪ್ರಶ್ನೆಯನ್ನು ಕೇಳದೇ ಹೋದರೆ?

ಎಷ್ಟೋ ಪ್ಯಾನಲ್‌ಗಳು ನೇರವಾಗಿ ಕೇಳುವುದೇ ಇಲ್ಲ. ‘ನಿಮ್ಮ ಬಗ್ಗೆ ಹೇಳಿ’, ‘ಈ ಶಾಲೆಗೆ ಯಾಕೆ ಬರಬೇಕು ಅಂತಿದ್ದೀರಿ?’, ‘ಹಿಂದುಳಿದ ಮಗುವಿಗೆ ಏನು ಮಾಡ್ತೀರಿ?’ ಎನ್ನುತ್ತವೆ. ಇವುಗಳ ಒಳಗೂ ಸ್ಟ್ರೆಂತ್ ಪ್ರಶ್ನೆಯೇ ಕೂತಿದೆ. ಸಿದ್ಧಮಾಡಿಕೊಂಡ ಎರಡು ಘಟನೆಗಳಲ್ಲಿ ಹೊಂದುವುದನ್ನು ಇಲ್ಲಿ ಬಳಸಿ. ‘ಏನು ಮಾಡ್ತೀರಿ?’ ಎಂಬುದಕ್ಕೆ ‘ಹೀಗೆ ಮಾಡಿದ್ದೆ’ ಎಂದು ಉತ್ತರ ಬಂದರೆ ತೂಕ ಹೆಚ್ಚು.

ಯಾವುದೂ ಕೂಡಿ ಬರಲಿಲ್ಲ ಎನ್ನಿ. ಕೊನೆಯಲ್ಲಿ ‘ನೀವೇನಾದರೂ ಕೇಳೋದಿದೆಯಾ?’ ಎನ್ನುತ್ತಾರಲ್ಲ, ಅಲ್ಲಿ ಅವಕಾಶವಿದೆ. ‘ಕಿರುಪರೀಕ್ಷೆಯ ತಪ್ಪುಗಳನ್ನು ನೋಡಿ ಪಾಠ ಬದಲಿಸುವ ಅಭ್ಯಾಸ ನನಗಿದೆ. ನಿಮ್ಮಲ್ಲಿ ಒಂದೇ ವಿಷಯದ ಶಿಕ್ಷಕರು ಕೂತು ಇದನ್ನು ಚರ್ಚೆ ಮಾಡುವ ಏರ್ಪಾಡು ಇದೆಯಾ?’ ಎಂದು ಕೇಳಬಹುದು. ಪ್ರಶ್ನೆಯೂ ಆಯಿತು, ಹೇಳಬೇಕಾದದ್ದನ್ನು ಹೇಳಿದಂತೆಯೂ ಆಯಿತು. ಅವರ ಉತ್ತರ ಕೇಳಿದರೆ ಆ ಶಾಲೆ ನಿಮಗೆ ಹೊಂದುತ್ತದೆಯೇ ಎಂಬ ಸುಳಿವೂ ಸಿಗುತ್ತದೆ.